ಬೋರ್ ದೊಡ್ಡದಾಯ್ತು, ಸೈಲೆನ್ಸರ್ ಉದ್ದವೋ ದಪ್ಪವೋ?

ಟೂ ಸ್ಟ್ರೋಕ್ ಇಂಜಿನ್ನಿಗೆ ದೊಡ್ಡ ಬೋರಿನ (ಒಳವ್ಯಾಸದ) ಸಿಲಿಂಡರ್ ಕೂರಿಸಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಹಳೇ ಸೈಲೆನ್ಸರನ್ನೇ ಬಿಟ್ಟು "ಸಿಸಿ ಏರಿದೆಯಲ್ಲ, ಪಿಕಪ್ ತಾನಾಗಿ ಬರುತ್ತೆ" ಅಂದುಕೊಳ್ಳುವುದು ಒಂದು. ಡಬ್ಬದ ಮೇಲೆ ಬರೆದ ಸಿಸಿ ನೋಡಿ ರೇಸಿಂಗ್ ಪೈಪ್ ತಂದು ಸಿಕ್ಕಿಸುವುದು ಇನ್ನೊಂದು. ಮೊದಲನೆಯದರಲ್ಲಿ ಗಾಡಿ ನಡುವೆ ಚೆನ್ನಾಗಿ ಎಳೆದು ಮೇಲೆ ಹೋದಂತೆ ಉಸಿರು ಕಟ್ಟಿಕೊಳ್ಳುತ್ತದೆ. ಎರಡನೆಯದರಲ್ಲಿ ಪೈಪು ಕೆಲಸ ಶುರು ಮಾಡುವ ವೇಗಕ್ಕೆ ಇಂಜಿನ್ ತಲುಪುವುದೇ ಇಲ್ಲ. ಎರಡಕ್ಕೂ ಕಾರಣ ಒಂದೇ, ಉದ್ದ ಮತ್ತು ದಪ್ಪ ಎರಡನ್ನೂ ಸಿಸಿಗೇ ಗಂಟು ಹಾಕುವುದು. ಪೈಪಿನ ಉದ್ದ ಪೋರ್ಟಿನ, ಅಂದರೆ ಸಿಲಿಂಡರ್ ಗೋಡೆಯಲ್ಲಿ ಗ್ಯಾಸು ಓಡಾಡುವ ಕಿಂಡಿಯ, ಮಾತು ಕೇಳುತ್ತದೆ, ದಪ್ಪ ಸಿಸಿಯ ಮಾತು ಕೇಳುತ್ತದೆ. ಇವನ್ನು ಬೇರೆ ಬೇರೆ ಇಟ್ಟುಕೊಂಡರೆ ಲೆಕ್ಕ ಅಷ್ಟೇನೂ ಕಷ್ಟವಲ್ಲ.

ಪೈಪಿನ ಒಳಗೆ ನಡೆಯುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸುಟ್ಟ ಗ್ಯಾಸು ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ತೆರೆದ ಕ್ಷಣ ಒಂದು ಒತ್ತಡದ ಅಲೆ ಸಿಲಿಂಡರಿಗೆ ಅಂಟಿದ ಮೊದಲ ಕೊಳವೆಯಾದ ಹೆಡರ್ ಪೈಪಿನಲ್ಲಿ ಓಡುತ್ತದೆ. ಮುಂದೆ ಅಗಲವಾಗುತ್ತ ಹೋಗುವ ಡಿಫ್ಯೂಸರ್ ಕೋನ್ ಸಿಕ್ಕಾಗ ಅದರ ಒಂದು ಪಾಲು ಹೀರುವ ಅಲೆಯಾಗಿ ತಿರುಗಿ ಸಿಲಿಂಡರಿಗೆ ಬರುತ್ತದೆ. ಪಿಸ್ಟನ್ ಕೆಳಗಿರುವ ಆ ಹೊತ್ತಿನಲ್ಲಿ ಈ ಹೀರುವಿಕೆ ಟ್ರಾನ್ಸ್‌ಫರ್ ಪೋರ್ಟಿನಿಂದ, ಅಂದರೆ ಕ್ರ್ಯಾಂಕಿನ ಕೋಣೆಯಿಂದ ಸಿಲಿಂಡರಿಗೆ ಬರುವ ಕಿಂಡಿಯಿಂದ, ಪೆಟ್ರೋಲ್-ಗಾಳಿಯ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಒಂದಿಷ್ಟು ಮಿಶ್ರಣ ಹೆಡರ್ ಒಳಕ್ಕೂ ಜಾರುತ್ತದೆ. ಉಳಿದ ಅಲೆ ಮುಂದೆ ಹೋಗಿ, ಕಿರಿದಾಗುವ ಹಿಂದಿನ ಕೋನಿಗೆ ಬಡಿದು, ಒತ್ತಡದ ಅಲೆಯಾಗಿಯೇ ವಾಪಸ್ಸು ಬರುತ್ತದೆ. ಪೋರ್ಟ್ ಮುಚ್ಚುವ ಮುಂಚೆ ಅದು ಬಂದು ಮುಟ್ಟಿದರೆ ಜಾರಿದ ಮಿಶ್ರಣವನ್ನು ಸಿಲಿಂಡರಿಗೆ ತುರುಕುತ್ತದೆ. ತಡವಾದರೆ ಮುಚ್ಚಿದ ಬಾಗಿಲಿಗೆ ಬಡಿದಂತೆ. ಬೇಗ ಬಂದರೆ ಟ್ರಾನ್ಸ್‌ಫರ್ ಹರಿವಿಗೇ ಎದುರಾಗಿ ನಿಲ್ಲುತ್ತದೆ.

ಶಕ್ತಿ ಬರುವುದು ಸಿಸಿಗಿಂತ ಹೆಚ್ಚಾಗಿ ಈ ಅಲೆಯಿಂದ ಎಂದು ತೋರಿಸಿಕೊಟ್ಟವರು ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರ 125 ಸಿಸಿ ರೇಸ್ ಇಂಜಿನ್ 25 ಕುದುರೆಶಕ್ತಿ ಕೊಡುತ್ತಿತ್ತು. ಅಂದರೆ ಲೀಟರಿಗೆ 200, ಅದೂ ಸೂಪರ್‌ಚಾರ್ಜರ್ ಇಲ್ಲದೆ. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಝುಕಿ ಸೇರಿದಾಗ ಈ ವಿದ್ಯೆಯೂ ಅವನ ಜೊತೆಗೇ ಹೋಯಿತು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಝುಕಿಯದಾಯಿತು.

ಮೊದಲು ಸಿಲಿಂಡರನ್ನು ಅಳೆಯಿರಿ

ಪೈಪಿನ ಲೆಕ್ಕಕ್ಕೆ ಬೇಕಾದ ಮೊದಲ ಅಂಕಿ ಎಕ್ಸಾಸ್ಟ್ ಪೋರ್ಟ್ ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬುದು. ಕಿಟ್ ಜೊತೆ ಬಂದ ಹಾಳೆಯನ್ನು ನಂಬಬೇಡಿ. ಎರಕದ ಸಿಲಿಂಡರಿನಲ್ಲಿ ಪೋರ್ಟಿನ ಮೇಲಂಚು ಅರ್ಧ ಮಿಮೀ ಆಚೀಚೆ ಇರುವುದು ಮಾಮೂಲು. ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ ಸಿಕ್ಕಿಸಿ, ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯುವ ಬೋಲ್ಟ್ ತಿರುಗಿಸಿ. ಕ್ರ್ಯಾಂಕನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ ಪಿಸ್ಟನ್ ತಾಗಿದ ಜಾಗಗಳನ್ನು ಗುರುತು ಮಾಡಿ. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತಲುಪುವ ಅತ್ಯಂತ ಮೇಲಿನ ಜಾಗ. ಬೋಲ್ಟ್ ತೆಗೆದು, ಪೋರ್ಟಿನೊಳಗೆ ಟಾರ್ಚ್ ಬಿಟ್ಟು, ಪಿಸ್ಟನ್ ಅಂಚಿನಲ್ಲಿ ಬೆಳಕಿನ ಗೆರೆ ಮೂಡುವ ಡಿಗ್ರಿಯನ್ನೂ ಅದು ಮಾಯವಾಗುವ ಡಿಗ್ರಿಯನ್ನೂ ಬರೆದುಕೊಳ್ಳಿ. ನಡುವಿನ ಅಂತರವೇ ಪೋರ್ಟ್ ತೆರೆದಿರುವ ಅವಧಿ. ಟ್ರಾನ್ಸ್‌ಫರಿಗೂ ಹೀಗೇ.

ಡಿಗ್ರಿ ಚಕ್ರ ಇಲ್ಲದಿದ್ದರೆ ಪಿಸ್ಟನ್ ಟಿಡಿಸಿಯಿಂದ ಪೋರ್ಟ್ ತೆರೆಯುವ ಜಾಗಕ್ಕೆ ಎಷ್ಟು ಇಳಿಯಿತು ಎಂದು ಡೆಪ್ತ್ ಕ್ಯಾಲಿಪರಿನಲ್ಲಿ ಅಳೆದರೂ ಸಾಕು. ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಹಿಡಿದು ಹೋಗೋಣ: 54 ಮಿಮೀ ಬೋರ್, 54.5 ಮಿಮೀ ಸ್ಟ್ರೋಕ್, 105 ಮಿಮೀ ಕನೆಕ್ಟಿಂಗ್ ರಾಡ್ ಇರುವ 125ರ ಇಂಜಿನ್. ಅದಕ್ಕೆ 58ರ ಬೋರ್ ಹಾಕಿದರೆ 124.8 ಸಿಸಿ ಇದ್ದದ್ದು 144 ಆಗುತ್ತದೆ. ಈ ಸ್ಟ್ರೋಕು, ಈ ರಾಡಿಗೆ ಪಿಸ್ಟನ್ 28.45 ಮಿಮೀ ಇಳಿದಾಗ ಪೋರ್ಟ್ ತೆರೆದರೆ ಅವಧಿ 190 ಡಿಗ್ರಿ. 27.96ಕ್ಕೆ ತೆರೆದರೆ 192. 26.99ಕ್ಕೆ 196. ಹತ್ತಿರ ಹತ್ತಿರ ಅರ್ಧ ಮಿಮೀಗೆ 2 ಡಿಗ್ರಿ.

ಹಾಗಾಗಿ ಸಿಲಿಂಡರ್ ಕೆಳಗೆ ಅರ್ಧ ಮಿಮೀ ದಪ್ಪದ ಇನ್ನೊಂದು ಗ್ಯಾಸ್ಕೆಟ್ ಸೇರಿಸುವುದು ಸಣ್ಣ ವಿಷಯವಲ್ಲ. ಎಕ್ಸಾಸ್ಟ್ 190ರಿಂದ 192ಕ್ಕೆ ಏರುತ್ತದೆ. ಟ್ರಾನ್ಸ್‌ಫರ್ ತೆರೆಯುವುದು ಪಿಸ್ಟನ್ ಇನ್ನೂ ಕೆಳಗಿದ್ದಾಗ, ಅಲ್ಲಿ ಪಿಸ್ಟನ್ ಡಿಗ್ರಿಗೆ ಕಡಿಮೆ ದೂರ ಇಳಿಯುತ್ತದೆ. ಆದ್ದರಿಂದ ಅದೇ ಅರ್ಧ ಮಿಮೀಗೆ 130 ಇದ್ದದ್ದು 132.6 ಆಗುತ್ತದೆ. ಎಕ್ಸಾಸ್ಟ್ ತೆರೆದು ಟ್ರಾನ್ಸ್‌ಫರ್ ತೆರೆಯುವವರೆಗಿನ ಬಿಡುವು, ಅಂದರೆ ಸುಟ್ಟ ಗ್ಯಾಸು ಹೊರಹೋಗಿ ಒತ್ತಡ ಇಳಿಯಲು ಸಿಗುವ ಹೊತ್ತು, ಹೆಚ್ಚುವ ಬದಲು ಒಂದು ಚೂರು ಕುಗ್ಗುತ್ತದೆ. ದೊಡ್ಡ ಬೋರಿಗೆ ಬೇಕಿರುವುದು ಇದರ ತದ್ವಿರುದ್ಧ. ಸ್ಕ್ವಿಶ್ (ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದು) ಸಾಲದೆ ಗ್ಯಾಸ್ಕೆಟ್ ಪೇರಿಸಿದವರು ಇದನ್ನು ಮರೆತು, ಬೈಗುಳವನ್ನೆಲ್ಲ ಪೈಪಿಗೆ ಹೊರಿಸುತ್ತಾರೆ.

ಆರ್‌ಪಿಎಂ ಇಳಿಯುತ್ತದೆ, ಒಪ್ಪಿಕೊಳ್ಳಿ

ಎರಡನೆಯ ಅಂಕಿ, ಗರಿಷ್ಠ ಶಕ್ತಿ ಬರುವ ಆರ್‌ಪಿಎಂ. ಎಲ್ಲರೂ ಎಡವುವುದು ಇಲ್ಲೇ. ಹಳೇ 125 ಇಂಜಿನ್ 10,500ಕ್ಕೆ ಗರಿಷ್ಠ ಶಕ್ತಿ ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ಬೋರ್ ಏರಿಸಿದರೆ ಸಿಸಿ ಬೋರಿನ ವರ್ಗದಷ್ಟು ಏರುತ್ತದೆ, ಪೋರ್ಟಿನ ಅಗಲ ಬೋರಿನಷ್ಟೇ ಏರುತ್ತದೆ. ರಿಂಗು ಸಿಕ್ಕಿಕೊಳ್ಳದಂತೆ ಒಂಟಿ ಪೋರ್ಟಿನ ಅಗಲವನ್ನು ಬೋರಿನ 70 ಪರ್ಸೆಂಟ್ ಆಸುಪಾಸಿನಲ್ಲೇ ನಿಲ್ಲಿಸಬೇಕು: 54ಕ್ಕೆ 37.8 ಮಿಮೀ, 58ಕ್ಕೆ 40.6. ಪೋರ್ಟಿನ ಬಾಯಿ ಏಳೂವರೆ ಪರ್ಸೆಂಟ್ ಹಿಗ್ಗಿತು, ಅದರ ಮೂಲಕ ಹೋಗಬೇಕಾದ ಗ್ಯಾಸು ಹದಿನೈದೂವರೆ ಹಿಗ್ಗಿತು. ಅಂದರೆ ಪೋರ್ಟಿನಲ್ಲಿ ಏಳು ಪರ್ಸೆಂಟಿನಷ್ಟು ಕೊರತೆ. ಮೇಲಂಚಿನ ಎತ್ತರ ಮೊದಲಿನಂತೆಯೇ ಇದ್ದರೆ ಗರಿಷ್ಠ ಶಕ್ತಿಯ ಆರ್‌ಪಿಎಂ ಕೂಡ ಸುಮಾರು ಅಷ್ಟೇ ಕೆಳಗಿಳಿಯುತ್ತದೆ: 10,500 ಇದ್ದದ್ದು 9,800ರ ಹತ್ತಿರ. ಕಾರ್ಬುರೇಟರು, ರೀಡ್ (ಮಿಶ್ರಣವನ್ನು ಒಳಮುಖವಾಗಿ ಮಾತ್ರ ಬಿಡುವ ಕವಾಟ), ಕ್ರ್ಯಾಂಕ್‌ಕೇಸಿನ ದಾರಿ ಎಲ್ಲ ಹಳೆಯವೇ ಆದರೆ ಇನ್ನೂ ಕೆಳಗೆ.

ಕಿಟ್ ತಯಾರಕರು ಪಕ್ಕದಲ್ಲಿ ಸಣ್ಣ ಎಕ್ಸಾಸ್ಟ್ ಪೋರ್ಟುಗಳನ್ನು ಕೊಟ್ಟಿದ್ದರೆ ಅಥವಾ ನಡುವೆ ಸೇತುವೆ ಬಿಟ್ಟು ಅಗಲ ಮಾಡಿದ್ದರೆ ಈ ಕೊರತೆ ತುಂಬಿಬರುತ್ತದೆ. ಹಾಗಾಗಿಯೇ ಸಿಲಿಂಡರ್ ಅಳೆಯದೆ ಪೈಪು ಕೊಳ್ಳಬಾರದು.

ಈಗ ಉದ್ದ. ಮಿಮೀ ಲೆಕ್ಕದಲ್ಲಿ ಸೂತ್ರ ಇಷ್ಟೇ:

ಉದ್ದ = ಎಕ್ಸಾಸ್ಟ್ ಅವಧಿ (ಡಿಗ್ರಿ) × 42,545 ÷ ಆರ್‌ಪಿಎಂ

ಅಳತೆ ಶುರುವಾಗುವುದು ಪಿಸ್ಟನ್ ಮುಖದಿಂದ, ಫ್ಲ್ಯಾಂಜಿನಿಂದ (ಪೈಪು ಸಿಲಿಂಡರಿಗೆ ಸೇರುವ ಅಂಚಿನಿಂದ) ಅಲ್ಲ. ಮುಗಿಯುವುದು ಹಿಂದಿನ ಕೋನಿನ ಪ್ರತಿಫಲನದ ಜಾಗದಲ್ಲಿ. ಆ ಕೋನನ್ನು ಚೂಪು ತುದಿಯವರೆಗೂ ಕಾಗದದ ಮೇಲೆ ಎಳೆದು, ಆ ಪೂರ್ತಿ ಉದ್ದದ ಅರ್ಧಕ್ಕೆ ಗುರುತು ಹಾಕಿದರೆ ಅದು ಸಿಗುತ್ತದೆ.

ಹಳೇ ಇಂಜಿನ್ನಿಗೆ 190 × 42,545 ÷ 10,500 = 770 ಮಿಮೀ. ಹೊಸದಕ್ಕೆ 9,800 ಇಟ್ಟರೆ 825. ಅಂದರೆ ಬೋರ್ ದೊಡ್ಡದು ಮಾಡಿದ್ದರಿಂದ ಪೈಪು 55 ಮಿಮೀ ಉದ್ದವಾಗಬೇಕು. ಆ ಉದ್ದ ಬಂದದ್ದು ಸಿಸಿಯಿಂದಲ್ಲ, ಪೋರ್ಟು ಸಾಲದೆ ಆರ್‌ಪಿಎಂ ಇಳಿದದ್ದರಿಂದ. ಅದೇ ಸಿಲಿಂಡರನ್ನು ಕೆತ್ತಿ 196 ಡಿಗ್ರಿ ಮಾಡಿ 11,500ಕ್ಕೆ ಗುರಿ ಇಟ್ಟರೆ ಪೈಪು 725ಕ್ಕೆ ಕುಗ್ಗುತ್ತದೆ. ಸಿಸಿ ಒಂದೇ, ಪೈಪುಗಳ ನಡುವೆ 100 ಮಿಮೀ ಅಂತರ. "144ಕ್ಕೆ ಯಾವ ಪೈಪ್?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ ಎನ್ನುವುದು ಇದಕ್ಕೇ.

ದೊಡ್ಡ ಒಂಟಿ ಸಿಲಿಂಡರುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 500 ಸಿಸಿಯ ಒಂದೇ ಸಿಲಿಂಡರ್ 184 ಡಿಗ್ರಿ ಇಟ್ಟುಕೊಂಡು 7,000ಕ್ಕೆ ಕೆಲಸ ಮಾಡಿದರೆ 1,118 ಮಿಮೀ ಬೇಕು. ಅಷ್ಟುದ್ದವನ್ನು ಫ್ರೇಮಿನ ಸುತ್ತ ಸುತ್ತಿ ತರುವುದೇ ಒಂದು ಕಸರತ್ತು.

42,545 ಎಂಬ ಅಂಕಿಯ ಹಿಂದೆ ಅಲೆಯ ವೇಗ ಸೆಕೆಂಡಿಗೆ 510 ಮೀಟರ್ ಎಂಬ ಊಹೆ ಇದೆ. ಪೈಪಿನೊಳಗಿನ ಸರಾಸರಿ ಬಿಸಿ ಸುಮಾರು 400 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬರುವ ವೇಗ ಅದು. ಬಿಸಿ 50 ಡಿಗ್ರಿ ಏರಿದರೆ ಅಲೆ ಮೂರೂವರೆ ಪರ್ಸೆಂಟಿಗೂ ತುಸು ಹೆಚ್ಚು ಚುರುಕಾಗುತ್ತದೆ, 9,800ಕ್ಕೆ ಹೊಂದಿಸಿದ ಪೈಪು 10,150ರಲ್ಲಿ ಹೊಂದುತ್ತದೆ. ತಣ್ಣಗಿನ ಪೈಪಿನಲ್ಲಿ ಮೊದಲ ಕೆಲವು ನೂರು ಮೀಟರ್ ಗಾಡಿ ಬೇರೆಯೇ ಅನ್ನಿಸುವುದೂ ಇದರಿಂದಲೇ. ಆದ್ದರಿಂದ ಲೆಕ್ಕದಲ್ಲಿ ಬಂದ ಮಿಮೀಯನ್ನು ಶಾಸನ ಎಂದುಕೊಳ್ಳದೆ, 15-20 ಮಿಮೀ ಆಚೀಚೆ ಪರೀಕ್ಷಿಸಲು ಜಾಗ ಬಿಟ್ಟುಕೊಳ್ಳಿ.

ದಪ್ಪದ ಲೆಕ್ಕ

ಇಲ್ಲಿ ಸಿಸಿ ಒಳಗೆ ಬರುತ್ತದೆ. ಹಳೇ ಹೆಡರ್ ಒಳವ್ಯಾಸ 38 ಮಿಮೀ ಇದ್ದರೆ, ಗ್ಯಾಸು 15.4 ಪರ್ಸೆಂಟ್ ಹೆಚ್ಚಿದ್ದಕ್ಕೆ ವ್ಯಾಸ ಅದರ ವರ್ಗಮೂಲದಷ್ಟು ಏರಬೇಕು: 38 × 1.074, ಅಂದರೆ 40.8. ಸುತ್ತಿಸಿ 41. ಸಿಲಿಂಡರಿನ ಫ್ಲ್ಯಾಂಜ್ ತೂತು ಇನ್ನೂ 38 ಇದ್ದರೆ ಹೆಡರ್ 38ರಲ್ಲೇ ಶುರುವಾಗಲಿ, ಉದ್ದಕ್ಕೂ ನಿಧಾನವಾಗಿ 41ಕ್ಕೆ ಹಿಗ್ಗಲಿ. ಒಮ್ಮೆಲೇ ಮೂರು ಮಿಮೀ ಮೆಟ್ಟಿಲು ಕೊಡಬೇಡಿ. ಅದಕ್ಕಿಂತ ಕೆಟ್ಟದ್ದು ಪೋರ್ಟಿಗಿಂತ ಪೈಪಿನ ಬಾಯಿ ಚಿಕ್ಕದಾಗಿರುವುದು, ಅಥವಾ ಗ್ಯಾಸ್ಕೆಟಿನ ಅಂಚು ದಾರಿಗೆ ಚಾಚಿಕೊಂಡಿರುವುದು. ಸಿಲಿಂಡರಿನ ಒಳಗಿಂದ ಬೆರಳು ಹಾಕಿ ಸವರಿ ನೋಡಿ, ಉಗುರಿಗೆ ಸಿಕ್ಕಿದರೆ ಫೈಲ್ ಹಿಡಿಯಿರಿ.

ಹೆಡರಿನ ಉದ್ದ ಪಿಸ್ಟನ್ ಮುಖದಿಂದ ಲೆಕ್ಕ ಹಾಕಿ ವ್ಯಾಸದ 6ರಿಂದ 8 ಪಟ್ಟು. ಕಡಿಮೆ ಇಟ್ಟರೆ ಮೇಲಿನ ಆರ್‌ಪಿಎಂ ಖಾರ, ಹೆಚ್ಚು ಇಟ್ಟರೆ ಕೆಳಗಿನಿಂದ ಎಳೆತ. ಹೊಟ್ಟೆಯ, ಅಂದರೆ ಪೈಪಿನ ಅತಿ ದಪ್ಪ ಭಾಗದ, ವ್ಯಾಸ ಹೆಡರಿನ ಎರಡೂವರೆ ಪಟ್ಟು ಹಳೆಯ, ಭರವಸೆಯ ಅನುಪಾತ. ಈಗಿನ ರೇಸ್ ಪೈಪುಗಳು ಅದನ್ನು ಮೂರು ಪಟ್ಟಿನವರೆಗೂ ಒಯ್ಯುತ್ತವೆ. ಮನೆಯಲ್ಲಿ ಮಾಡುವವರಿಗೆ ಎರಡೂವರೆಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ದೊಡ್ಡ ಹೊಟ್ಟೆಗೆ ಕಡಿದಾದ ಕೋನ್ ಬೇಕಾಗುತ್ತದೆ, ಕಡಿದಾದ ಕೋನಿನಲ್ಲಿ ಸಣ್ಣ ಲೆಕ್ಕದ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ನಮ್ಮ 144ಕ್ಕೆ 825 ಮಿಮೀಯನ್ನು ಹೀಗೆ ಹಂಚಬಹುದು. ಪಿಸ್ಟನ್ನಿನಿಂದ ಹೆಡರ್ ಕೊನೆಯವರೆಗೆ 270. ಡಿಫ್ಯೂಸರಿನ ಮೊದಲ ಕೋನ್ 41ರಿಂದ 65ಕ್ಕೆ, ಒಟ್ಟು ಕೋನ 8 ಡಿಗ್ರಿ, ಉದ್ದ 172. ಎರಡನೆಯದು 65ರಿಂದ 102ಕ್ಕೆ, 12 ಡಿಗ್ರಿ, 176. ಹೊಟ್ಟೆಯ ನೇರ ಭಾಗ 46. ಹಿಂದಿನ ಕೋನ್ 18 ಡಿಗ್ರಿ; ಚೂಪು ತುದಿಯವರೆಗೆ 322, ಅದರ ಅರ್ಧ 161. ಕೂಡಿದರೆ 825. ಆ ಕೋನನ್ನು ಸ್ಟಿಂಗರ್ (ಪೈಪಿನ ಕೊನೆಯ ಸಣ್ಣ ಕೊಳವೆ) ವ್ಯಾಸಕ್ಕೆ ಕತ್ತರಿಸಿದಾಗ ನಿಜವಾದ ಉದ್ದ 245 ಉಳಿಯುತ್ತದೆ.

ಹಿಂದಿನ ಕೋನ್ 14 ಡಿಗ್ರಿ ಮಾಡಿದರೆ ವಾಪಸ್ಸಿನ ಅಲೆ ಉದ್ದವಾಗಿ, ಮೆತ್ತಗಾಗಿ ಬರುತ್ತದೆ, ಪವರ್ ಹರಡಿಕೊಳ್ಳುತ್ತದೆ. 20 ಮಾಡಿದರೆ ಹೊಡೆತ ಜೋರು, ಆದರೆ ಗರಿಷ್ಠ ದಾಟಿದ ಕೂಡಲೇ ಕರೆಂಟ್ ಹೋದ ಹಾಗೆ. ಬೀದಿಯ ಗಾಡಿಗೆ 15-16, ಟ್ರ್ಯಾಕಿಗೆ 18ರ ಮೇಲೆ.

ಕೋನ್ ಕತ್ತರಿಸಲು ತಗಡಿನ ಮೇಲೆ ಬೀಸಣಿಗೆಯ ಆಕಾರ ಬರೆಯಬೇಕು. ಸಣ್ಣ ವ್ಯಾಸ × ಓರೆ ಉದ್ದ ÷ ವ್ಯಾಸಗಳ ವ್ಯತ್ಯಾಸ, ಇದು ಒಳಗಿನ ಕಮಾನಿನ ತ್ರಿಜ್ಯ. ಅದಕ್ಕೆ ಓರೆ ಉದ್ದ ಕೂಡಿಸಿದರೆ ಹೊರಗಿನದು. ಬೀಸಣಿಗೆಯ ಕೋನ = 180 × ದೊಡ್ಡ ವ್ಯಾಸ ÷ ಹೊರ ತ್ರಿಜ್ಯ. 40ರಿಂದ 95ಕ್ಕೆ 10 ಡಿಗ್ರಿಯ ಒಂದೇ ಕೋನ್ ಎಂದರೆ ಓರೆ ಉದ್ದ 315.5, ಒಳ ತ್ರಿಜ್ಯ 229.5, ಹೊರ ತ್ರಿಜ್ಯ 545, ಬೀಸಣಿಗೆ 31.4 ಡಿಗ್ರಿ. ಇಲ್ಲಿ ಹಾಕುವ ವ್ಯಾಸ ಒಳವ್ಯಾಸಕ್ಕೆ ತಗಡಿನ ದಪ್ಪ ಕೂಡಿಸಿದ್ದಾಗಿರಬೇಕು. 1 ಮಿಮೀ ತಗಡಿಗೆ ಒಳಗೆ 40 ಬೇಕಿದ್ದರೆ 41 ಎಂದು ಲೆಕ್ಕಿಸಿ. ಇದನ್ನು ಬಿಟ್ಟರೆ ವೆಲ್ಡಿಂಗಿಗೆ ಕೂತಾಗ ಒಂದು ಕೋನ್ ಇನ್ನೊಂದಕ್ಕೆ ಸೇರುವುದಿಲ್ಲ. ಮೊದಲು ರಟ್ಟಿನಲ್ಲಿ ಕತ್ತರಿಸಿ ಸುತ್ತಿ ನೋಡಿ, ತಗಡು ಉಳಿಯುತ್ತದೆ.

ಸ್ಟಿಂಗರ್

ಪಿಸ್ಟನ್ ತೂತು ಬೀಳಿಸುವ ತಾಕತ್ತು ಇರುವುದು ಪೈಪಿನ ಈ ಸಣ್ಣ ಬಾಲಕ್ಕೆ. ಅದರ ವ್ಯಾಸ ಹೆಡರಿನ 0.58ರಿಂದ 0.62 ಪಟ್ಟು, ಉದ್ದ ತನ್ನದೇ ವ್ಯಾಸದ 12 ಪಟ್ಟು. 41ರ ಹೆಡರಿಗೆ ಸುಮಾರು 24.5 ಮಿಮೀ ವ್ಯಾಸ, 295 ಉದ್ದ. ಮುಂದೆ ಸೈಲೆನ್ಸರ್ ಡಬ್ಬದೊಳಗಿನ ತೂತಿನ ಕೊಳವೆ ಅದೇ ವ್ಯಾಸದಲ್ಲಿ ಮುಂದುವರಿದರೆ ಅದೂ ಸ್ಟಿಂಗರಿನ ಲೆಕ್ಕಕ್ಕೇ ಸೇರುತ್ತದೆ. ಅದಕ್ಕಿಂತ ಕಿರಿದಾಗಿದ್ದರೆ ಸ್ಟಿಂಗರ್ ಎಷ್ಟೇ ಸರಿ ಇದ್ದರೂ ಪ್ರಯೋಜನವಿಲ್ಲ, ಕಿರಿದಾದ ಜಾಗವೇ ನಿಜವಾದ ಸ್ಟಿಂಗರ್.

ಹಳೇ 125ರ ಪೈಪಿನಲ್ಲಿ ಇದು 22.5 ಇದ್ದಿರುತ್ತದೆ. ಅದನ್ನೇ 144ಕ್ಕೆ ಬಿಟ್ಟರೆ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ, ಸುಟ್ಟ ಗ್ಯಾಸು ಸಿಲಿಂಡರಿನಲ್ಲೇ ಉಳಿಯುತ್ತದೆ, ಪಿಸ್ಟನ್ ತಲೆ ಬಿಸಿಯಾಗುತ್ತದೆ. ಲಕ್ಷಣ ಹೀಗೆ: ಪೂರ್ತಿ ಆಕ್ಸಲರೇಟರಿನಲ್ಲಿ ಮೊದಲ ಇಪ್ಪತ್ತು ಮೂವತ್ತು ಸೆಕೆಂಡ್ ಚೆನ್ನಾಗಿ ಓಡಿ, ಆಮೇಲೆ ಇಂಜಿನ್ ನಿಧಾನವಾಗಿ ಮೆತ್ತಗಾಗುತ್ತದೆ. ಅದನ್ನು ಪೆಟ್ರೋಲ್ ಸಾಲದ್ದು ಎಂದು ತಿಳಿದು ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ತೂತು) ದೊಡ್ಡದು ಮಾಡಿದರೆ ಒಂದಷ್ಟು ಹೊತ್ತು ಮುಚ್ಚಿಹೋಗುತ್ತದೆ, ರೋಗ ಹಾಗೇ ಇರುತ್ತದೆ. ಮೊದಲು ಒಂದು ಮಿಮೀ ದೊಡ್ಡ ಸ್ಟಿಂಗರಿನಿಂದಲೇ ಶುರು ಮಾಡಿ, ಬೇಕಾದರೆ ಅರ್ಧರ್ಧ ಮಿಮೀ ಕಿರಿದು ಮಾಡುತ್ತ ಬನ್ನಿ. ದೊಡ್ಡದಾದರೆ ಸ್ವಲ್ಪ ಶಕ್ತಿ ಹೋಗುತ್ತದೆ, ಚಿಕ್ಕದಾದರೆ ಪಿಸ್ಟನ್ ಹೋಗುತ್ತದೆ.

ಹಳೇ ಪೈಪನ್ನೇ ಹೊಂದಿಸಿಕೊಳ್ಳುವ ದಾರಿಯೂ ಇದೆ, ಕೆಟ್ಟದ್ದೇನಲ್ಲ. ಬೇಕಾದ 55 ಮಿಮೀಯಲ್ಲಿ 25-30 ಹೆಡರಿಗೆ, ಉಳಿದದ್ದು ಹೊಟ್ಟೆಗೆ. ಎಲ್ಲವನ್ನೂ ಹೊಟ್ಟೆಗೇ ಹಾಕಿದರೆ ತಳ್ಳುವ ಅಲೆ ತಡವಾಗುತ್ತದೆ, ಹೀರುವ ಅಲೆ ಮಾತ್ರ ಹಳೇ ಆರ್‌ಪಿಎಂಗೇ ಅಂಟಿಕೊಂಡಿರುತ್ತದೆ. ಜೊತೆಗೆ ಸ್ಟಿಂಗರ್ ಕತ್ತರಿಸಿ ಒಂದೂವರೆ ಮಿಮೀ ದೊಡ್ಡದನ್ನು ಕೂರಿಸಿ. ಹೆಡರ್ 38ರಲ್ಲೇ ಉಳಿಯುವುದರಿಂದ ಮೇಲಿನ ತುದಿಯಲ್ಲಿ ತುಸು ನಷ್ಟ, ನಡುವಿನ ಎಳೆತ ಚೆನ್ನಾಗಿಯೇ ಇರುತ್ತದೆ.

ಉದ್ದ ಹೊಂದಿಸಲು ಹೆಡರಿನ ನೇರ ಭಾಗವನ್ನು ಗರಗಸದಲ್ಲಿ ಕತ್ತರಿಸಿ, ಹೊರಗಿನಿಂದ ಬಿಗಿಯಾಗಿ ಜಾರುವ ಕೊಳವೆ ಹಾಕಿ, ಎರಡು ಕ್ಲ್ಯಾಂಪ್ ಬಿಗಿಯಿರಿ. ನಮ್ಮ ಉದಾಹರಣೆಯಲ್ಲಿ 10 ಮಿಮೀ ಎಂದರೆ ಸುಮಾರು 120 ಆರ್‌ಪಿಎಂ. ಒಂದು ಸಲಕ್ಕೆ 10 ಮಿಮೀಗಿಂತ ಹೆಚ್ಚು ಸರಿಸಬೇಡಿ, ಆ ದಿನ ಜೆಟ್ಟನ್ನಾಗಲಿ ಟೈಮಿಂಗನ್ನಾಗಲಿ ಮುಟ್ಟಬೇಡಿ. ಬಾಗಿದ ಪೈಪನ್ನು ಅಳೆಯುವಾಗ ಬಾಗಿನ ಒಳಮೈಯನ್ನೂ ಹೊರಮೈಯನ್ನೂ ದಾರದಲ್ಲಿ ಅಳೆದು ಸರಾಸರಿ ತೆಗೆಯಿರಿ.

ಓಡಿಸಿ ನೋಡಿದಾಗ ಪೈಪು ಗಿಡ್ಡವಾಗಿದ್ದರೆ ನಡುವಿನಲ್ಲಿ ಜೋಲು, ಆಮೇಲೆ ತಟ್ಟನೆ ಒಂದು ಹೊಡೆತ, ಆ ಹೊಡೆತ ಬರುವಷ್ಟರಲ್ಲಿ ಪೋರ್ಟಿನ ಉಸಿರು ಮುಗಿದಿರುತ್ತದೆ. ಉದ್ದವಾಗಿದ್ದರೆ ಬೇಗ ಎತ್ತಿಕೊಳ್ಳುತ್ತದೆ, ಆದರೆ ಗರಿಷ್ಠದ ನಂತರ ಇನ್ನೂರು ಆರ್‌ಪಿಎಂ ಕೂಡ ಮೇಲೆ ಹೋಗಲು ಒಪ್ಪುವುದಿಲ್ಲ, ಗೇರ್ ಬದಲಿಸಿದರೆ ಮುಂದಿನ ಗೇರಿನಲ್ಲಿ ಕುಸಿಯುತ್ತದೆ. ಬೆಲ್ಟ್ ಇರುವ ಸ್ಕೂಟರುಗಳಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಅಲ್ಲಿ ಇಂಜಿನ್ನನ್ನು ಯಾವ ಆರ್‌ಪಿಎಂಗೆ ಕೂರಿಸಬೇಕೆಂದು ತೀರ್ಮಾನಿಸುವುದು ವೇರಿಯೇಟರಿನ (ಬೆಲ್ಟಿನ ಅನುಪಾತವನ್ನು ತಾನಾಗಿ ಬದಲಿಸುವ ಭಾಗದ) ರೋಲರ್ ತೂಕ. ಪೈಪು ಬದಲಿಸಿ ರೋಲರ್ ತೂಕವನ್ನು ಅದಕ್ಕೆ ಹೊಂದಿಸದಿದ್ದರೆ ಒಳ್ಳೆಯ ಪೈಪೂ ಸತ್ತಂತೆ ಕಾಣುತ್ತದೆ.

ಪೈಪು ಸರಿಯಾದ ಮೇಲೆ ಬರುವ ಹೊಸ ತಲೆನೋವು

ಹಿಮ್ಮರಳುವ ಅಲೆ ಚೆನ್ನಾಗಿ ಹೊಂದಿದಾಗ ಸಿಲಿಂಡರಿನಲ್ಲಿ ಮಿಶ್ರಣ ಹೆಚ್ಚು ತುಂಬುತ್ತದೆ, ಅಂದರೆ ಕಂಪ್ರೆಶನ್ ಏರಿದ ಹಾಗೆ. ಬೋರ್ ಏರಿದ್ದರಿಂದ ಅದಾಗಲೇ ಒಂದು ಏರಿಕೆ ಆಗಿರುತ್ತದೆ. 124.8 ಸಿಸಿಗೆ ಹೆಡ್ಡಿನ ಕುಳಿ 9.6 ಸಿಸಿ ಇದ್ದರೆ ಅನುಪಾತ 14. ಅದೇ 9.6ರ ಮೇಲೆ 144 ಕೂರಿಸಿದರೆ 16. ಸ್ಕ್ವಿಶ್ ಪಟ್ಟಿಯೂ 54ಕ್ಕೆ ಕೆತ್ತಿದ್ದು, ಅಂಚಿನ 2 ಮಿಮೀ ಸುತ್ತಳತೆ ಹೆಡ್ಡಿನ ಚಪ್ಪಟೆ ಜಾಗಕ್ಕೆ ಬಡಿಯುವ ಅಪಾಯವೂ ಉಂಟು. ಹೆಡ್ಡನ್ನು ಲೇತಿಗೆ ಹಾಕಿ ಕುಳಿ 11.1 ಸಿಸಿ ಆಗುವಂತೆ, ಸ್ಕ್ವಿಶ್ 1.0ರಿಂದ 1.2 ಮಿಮೀ ಬರುವಂತೆ ಕೆತ್ತಿಸಿ. ಪ್ಲಗ್ ತೂತಿನಿಂದ ಎರಡು ಮಿಮೀ ಸೋಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆಗೆ ತಾಗುವವರೆಗೆ ತೂರಿಸಿ, ಗಜ್ಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ) ನೇರಕ್ಕೆ ಹಿಡಿದು ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿಯ ದಪ್ಪವೇ ಸ್ಕ್ವಿಶ್. ಎರಡೂ ಬದಿ ನೋಡಿ. ಪಿನ್ನಿಗೆ ಅಡ್ಡವಾಗಿ ಹಿಡಿದರೆ ಪಿಸ್ಟನ್ ಓಲಾಡಿ ಸುಳ್ಳು ಅಂಕಿ ಬರುತ್ತದೆ.

ಇಗ್ನಿಷನ್ನನ್ನು 2 ಡಿಗ್ರಿ ಹಿಂದಕ್ಕೆ ಇಟ್ಟು ಶುರು ಮಾಡಿ. ಈ ಸ್ಟ್ರೋಕಿಗೆ ಟಿಡಿಸಿಗಿಂತ 18 ಡಿಗ್ರಿ ಮುಂಚೆ ಎಂದರೆ ಪಿಸ್ಟನ್ 1.67 ಮಿಮೀ ಕೆಳಗೆ, 16 ಎಂದರೆ 1.32. ಡಯಲ್ ಗೇಜಿನಲ್ಲಿ ಈ 0.35 ಮಿಮೀ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಟೈಮಿಂಗ್ ಹಿಂದಕ್ಕೆ ಹೋದರೆ ಪೈಪಿಗೆ ಹೋಗುವ ಬಿಸಿ ಹೆಚ್ಚುತ್ತದೆ, ಹೊಂದುವ ಆರ್‌ಪಿಎಂ ತುಸು ಮೇಲೆ ಸರಿಯುತ್ತದೆ. ಹೆಡರಿಗೆ ಶಾಖದ ಪಟ್ಟಿ ಸುತ್ತಿದರೂ ಇದೇ ಪರಿಣಾಮ. ಪಟ್ಟಿಯ ಕೆಳಗೆ ತೇವ ನಿಂತು ತಗಡು ತುಕ್ಕು ಹಿಡಿಯುವುದು ಉಚಿತ.

ಮೇನ್ ಜೆಟ್ ಎರಡು ಮೂರು ಸೈಜ್ ದೊಡ್ಡದಿಟ್ಟು ಇಳಿಯುತ್ತ ಬನ್ನಿ, ಕೆಳಗಿನಿಂದ ಹತ್ತಬೇಡಿ. ಹೊಸ ಪ್ಲಗ್ ಹಾಕಿ, ಗರಿಷ್ಠ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಲರೇಟರ್ ಹಿಡಿದು ಓಡಿಸಿ, ಕ್ಲಚ್ ಎಳೆಯುವುದೂ ಇಂಜಿನ್ ಆಫ್ ಮಾಡುವುದೂ ಒಟ್ಟಿಗೇ ಆಗಬೇಕು. ಪಿಂಗಾಣಿಯ ಬುಡದಲ್ಲಿ ಕಂದು ಉಂಗುರ ಕಾಣಬೇಕು. ತುದಿಯ ಬಣ್ಣ ನೋಡಿ ತೀರ್ಮಾನಿಸಬೇಡಿ. ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ ಅಥವಾ ಬೆಳ್ಳಿ ಬಣ್ಣದ ಸಣ್ಣ ಹನಿಗಳು ಕಂಡರೆ ಅದು ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು), ಆ ಹನಿಗಳು ನಿಮ್ಮ ಪಿಸ್ಟನ್ನಿನದೇ ಅಲ್ಯೂಮಿನಿಯಂ. ಎಕ್ಸಾಸ್ಟ್ ಬದಿಯ ಪಿಸ್ಟನ್ ಅಂಚು ಮರಳು ಕಾಗದದಲ್ಲಿ ಉಜ್ಜಿದಂತಿದ್ದರೂ ಅದೇ ಕತೆ. ಪಿಸ್ಟನ್ ಜಾಮ್ ಆದ ಗುರುತು ಎಕ್ಸಾಸ್ಟ್ ಕಡೆ ಮಾತ್ರ ಇದ್ದರೆ ಬಿಸಿ ಅಥವಾ ಲೀನ್ (ಪೆಟ್ರೋಲ್ ಕಡಿಮೆಯಾದ) ಮಿಶ್ರಣ, ಪೈಪನ್ನೂ ಜೆಟ್ಟನ್ನೂ ಹುಡುಕಿ. ನಾಲ್ಕು ಮೂಲೆಯಲ್ಲೂ ಗೀರಿದ್ದರೆ ಪಿಸ್ಟನ್ ಮತ್ತು ಬೋರಿನ ನಡುವೆ ಜಾಗ ಸಾಲದ್ದು, ಇಲ್ಲವೇ ಬಿಸಿಯಾಗುವ ಮುಂಚೆಯೇ ಎಳೆದದ್ದು. ಅದರಲ್ಲಿ ಪೈಪಿನ ತಪ್ಪಿಲ್ಲ.

ಫ್ಲ್ಯಾಂಜಿನಲ್ಲಿ ಎಣ್ಣೆ ಜಿನುಗುತ್ತಿದ್ದರೆ ಒರೆಸಿ ಸುಮ್ಮನಾಗಬೇಡಿ. ಎಣ್ಣೆ ಹೊರಬರುವ ಸಂದಿನಿಂದಲೇ ಹೀರುವ ಅಲೆಯ ಹೊತ್ತಿಗೆ ಹೊರಗಿನ ಗಾಳಿ ಒಳನುಗ್ಗುತ್ತದೆ, ಅಲೆಯೂ ಸೊರಗುತ್ತದೆ. ಓ ರಿಂಗ್ ಎರಡನ್ನೂ ಬದಲಿಸಿ, ಸ್ಪ್ರಿಂಗ್ ಸಡಿಲವಾಗಿದ್ದರೆ ಅದನ್ನೂ. ಪೈಪಿನ ಹಿಂಭಾಗವನ್ನು ಫ್ರೇಮಿಗೆ ರಬ್ಬರ್ ಬುಷ್ ಇಲ್ಲದೆ ಬಿಗಿದರೆ ಮೊದಲ ಬಿರುಕು ಹೊಟ್ಟೆಯ ವೆಲ್ಡಿಂಗಿನಲ್ಲಿ ಬರುತ್ತದೆ.

ಕೆಲವು ತಿಂಗಳ ಮೇಲೆ, ಏನೂ ಮುಟ್ಟದೆಯೇ ಗಾಡಿ ಮೇಲಿನ ತುದಿಯಲ್ಲಿ ಮತ್ತೆ ಮೆತ್ತಗಾದರೆ ಕ್ಯಾಲಿಪರ್ ತೆಗೆದು ಸ್ಟಿಂಗರಿನ ಒಳಗೆ ಅಳೆಯಿರಿ. 23 ಮಿಮೀ ಕೊಳವೆಯ ಸುತ್ತಲೂ ಒಂದೇ ಮಿಮೀ ಕಾರ್ಬನ್ ಕಟ್ಟಿದರೆ ಉಳಿಯುವುದು 21, ದಾರಿ 17 ಪರ್ಸೆಂಟ್ ಕಡಿಮೆ. ಉದ್ದ ಸ್ಕ್ರೂಡ್ರೈವರಿನಲ್ಲಿ ಕೆರೆದು, ಪೈಪನ್ನು ತಲೆಕೆಳಗು ಮಾಡಿ ಕುಟ್ಟಿ ಉದುರಿಸಿ, ಸೈಲೆನ್ಸರ್ ಡಬ್ಬದ ಎಣ್ಣೆ ಹೀರಿದ ಪ್ಯಾಕಿಂಗ್ ಹೊಸದು ಹಾಕಿ, ಆಮೇಲೆ ಜೆಟ್ಟಿನ ಕಡೆ ಕೈ ಹಾಕಿ.